ಬಾಗಿಲು ಹಾಕಿಸಿದ ಬಿಷಪರು

ಆಗಸ್ಟ್ 26, ಮಂಗಳವಾರ. ಶುವೈಖ್‌ನ ಬಿಡಿಭಾಗಗಳ ಗೋದಾಮು, ಟೀ ಬ್ರೇಕ್

ಬ್ರೇಕ್‌ಪ್ಯಾಡ್‌ಗಳ ಸ್ಟಾಕ್ ಪಟ್ಟಿ ಅರ್ಧಕ್ಕೆ ಬಿಟ್ಟು ಬಿಷಪರನ್ನು ಹಿಡಿದೆ. ಶುಕ್ರವಾರ ಪ್ರಾರ್ಥನಾ ಕೂಟದಲ್ಲಿ ನನ್ನ ಭಾಷಣ, ಇಪ್ಪತ್ತು ನಿಮಿಷ. ವಿಷಯ — ಆರನೇ ಶತಮಾನದ ಫ್ರಾನ್ಸಿನ ಬಿಷಪ್, ಸಂತ ಸಿಸೇರಿಯಸ್. ಸಂಘದ ಪತ್ರಿಕೆಯ ಹಾಸ್ಯ ಅಂಕಣಕಾರನಾದ ನನ್ನ ಕೈಗೆ ಸಂತರನ್ನು ಒಪ್ಪಿಸಿದ್ದಾರೆ. ಸಂತರ ಗ್ರಹಚಾರ.

ಪೂಜೆಯಲ್ಲಿ ಸುವಾರ್ತೆ ವಾಚನ ಮುಗಿದದ್ದೇ ಜನ ಪ್ರವಚನಕ್ಕೆ ನಿಲ್ಲದೆ ಹೊರಟುಬಿಡುತ್ತಿದ್ದರಂತೆ. ಮಹನೀಯರು ಚರ್ಚಿನ ಬಾಗಿಲನ್ನೇ ಹಾಕಿಸಿದರು! ಆಗ ಪಾರ್ಕಿಂಗ್ ಸಮಸ್ಯೆಯೂ ಇರಲಿಲ್ಲ, ಪಾಪ.

ಇನ್ನೊಂದು ಸಂಗತಿ — ಯುದ್ಧದ ಸೆರೆಯಾಳುಗಳನ್ನು ಬಿಡಿಸಲು ಚರ್ಚಿನ ಬೆಳ್ಳಿ ಪಾತ್ರೆಗಳನ್ನು ಮಾರಿದ್ದು. ದೊಡ್ಡ ಮಾತು. ಆದರೆ ನಗು ಬರುವುದಿಲ್ಲ. ಭಾಷಣದಿಂದ ತೆಗೆದುಹಾಕಿದೆ.

ಆಗಸ್ಟ್ 29, ಶುಕ್ರವಾರ. ಮಧ್ಯಾಹ್ನ

ಭರ್ಜರಿ! ನಾನು ಮೈಕ್ ಹಿಡಿದೊಡನೆ ಗೆಳೆಯ ಲಾಯ್ಡ್ ಹಾಲಿನ ಬಾಗಿಲಿಗೆ ಚಿಲಕ ಹಾಕಿ, ಕೈಕಟ್ಟಿ ನಿಂತ. ನನ್ನದೇ ಐಡಿಯಾ. ನಗುವೋ ನಗು.

ಕೊನೆಯ ಸಾಲಿನಿಂದ ವೈಲೆಟ್ ಬಾಯಿ ಎದ್ದರು. ನಮ್ಮೂರ ಕಡೆಯ ಶಿರ್ವದವರು. ಇಲ್ಲಿ ರುಮೈಥಿಯಾದ ಒಂದು ಅರಬ್ಬಿ ಮನೆಯಲ್ಲಿ ಅಡುಗೆ ಕೆಲಸ. ವಾರಕ್ಕೆ ಎರಡೇ ಗಂಟೆ ಹೊರಗೆ, ಅದೂ ಶುಕ್ರವಾರ, ಅದೂ ದೇವರ ಹೆಸರಲ್ಲಿ.

"ಅಣ್ಣಾ, ಬಾಗಿಲು ತೆಗೀರಿ. ಮನೆಯ ಡ್ರೈವರ್ ಬಂದಾಯ್ತು."

ಇದೂ ನಾಟಕವೆಂದು ಎಲ್ಲರೂ ನಕ್ಕರು. ನಾನು ಮೈಕಿನಲ್ಲೇ, "ಬಿಷಪರ ಅಪ್ಪಣೆ ಇಲ್ಲ ಬಾಯಿ, ಕೂತ್ಕೊಳ್ಳಿ!"

ಚಪ್ಪಾಳೆ. ಕೂತರು.

ಸೆಪ್ಟೆಂಬರ್ 5, ಶುಕ್ರವಾರ

ವೈಲೆಟ್ ಬಾಯಿ ಬರಲಿಲ್ಲ. ನನ್ನ ಹೆಂಡತಿ ಆಲಿವ್ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆ ಕಡೆ ಪಿಸುದನಿ.

"ಡ್ರೈವರ್ ಕಾದು ಕಾದು ಹೋಗಿಬಿಟ್ಟ ಅಕ್ಕಾ. ನಾನು ಮನೆ ಮುಟ್ಟುವಾಗ ಲೇಟ್. ಮೇಡಮ್ ಹೇಳಿದ್ರು, ಇನ್ನು ಶುಕ್ರವಾರ ಖಲಾಸ್."

ಫೋನ್ ಇಟ್ಟು ಆಲಿವ್ ನನ್ನತ್ತ ತಿರುಗಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ನೋಟ ಹೊಸದು.

"ಹೋಗಿ ಆ ಮೇಡಮ್‌ಗೆ ಹೇಳಿ, ತಪ್ಪು ನನ್ದೂಂತ."

"ಹೇಳ್ತೇನೆ ಮಾರಾಯ್ತಿ. ಅವರ ಕೋಪ ಸ್ವಲ್ಪ ಇಳೀಲಿ."

ಸೆಪ್ಟೆಂಬರ್ 9

ಹೋಗಲಿಲ್ಲ. ಆಫೀಸಿನಲ್ಲಿ ಸ್ಟಾಕ್‌ಟೇಕಿಂಗ್.

ಲಾಯ್ಡ್ ಭಾಷಣದ ವಿಡಿಯೋ ಕಳಿಸಿದ್ದಾನೆ. "ಸೂಪರ್ ಹಿಟ್ ಮಾರಾಯ!" ನೋಡಿದೆ. ಆ ದಿನ ನನಗೆ ಕೇಳಿಸಿದ್ದು ಒಂದೇ "ಅಣ್ಣಾ". ವಿಡಿಯೋದಲ್ಲಿ, ನಗುವಿನ ಅಡಿಯಲ್ಲಿ, ಇನ್ನೂ ಮೂರು ಉಂಟು.

ಸೆಪ್ಟೆಂಬರ್ 14

ಗೆಳೆಯ ರಾಯ್‌ನ ಸೋಫಾ ಶೋರೂಮಿನಲ್ಲಿ ಯಾರೋ "ಅಣ್ಣಾ" ಎಂದರು. ತಿರುಗಿದೆ. ನಲವತ್ತು ಸೋಫಾ. ಜನ ಇಲ್ಲ.

ಗೋದಾಮಿನ ಶಟರ್ ಇಳಿಯುವಾಗಲೂ ಅದೇ. ಲಿಫ್ಟಿನ ಬಾಗಿಲು ಕೂಡಿಕೊಳ್ಳುವಾಗಲೂ. ಭಾಷಣದಿಂದ ನಾನು ತೆಗೆದುಹಾಕಿದ, ಸೆರೆ ಬಿಡಿಸಿದ ಆ ಅರ್ಧ ಬಿಷಪರು ನನ್ನ ಎದುರಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಬೈಯುವುದಿಲ್ಲ. ಬೈದರೆ ಅದರ ಮೇಲೊಂದು ಅಂಕಣ ಬರೆದು ಪಾರಾಗುತ್ತಿದ್ದೆ... ಗೊತ್ತಿರಬೇಕು ಅವರಿಗೆ.

ಸೆಪ್ಟೆಂಬರ್ 18

ವೈಲೆಟ್ ಬಾಯಿಯ ಫೋನ್ ಸ್ವಿಚ್ ಆಫ್. ನಿನ್ನೆಯಿಂದ.

ಸೆಪ್ಟೆಂಬರ್ 19, ಶುಕ್ರವಾರ. ಬೆಳಿಗ್ಗೆ 8.10, ರುಮೈಥಿಯಾ, ಕಾರಿನೊಳಗೆ

ಆಲಿವ್ ಇಳಿದು ಬೆಲ್ ಒತ್ತಿದ್ದಾಳೆ. "ಏನು ಹೇಳುದೂಂತ ಮೊದ್ಲು ಬರ್ಕೊಳ್ಳಿ. ಇಲ್ಲದಿದ್ರೆ ಅಲ್ಲಿಯೂ ಜೋಕ್ ಮಾಡ್ತೀರಿ."

ಬರೆದುಕೊಂಡೆ: ಮೇಡಮ್, ತಪ್ಪು ನನ್ನದು. ಅವರು ಕೇಳಿದರು. ನಾನು ಬಿಡಲಿಲ್ಲ.

ಗೇಟು ತೆರೆದದ್ದು ಬೇರೆ ಯಾರೋ ಹೆಂಗಸು. ಹೊಸ ಏಪ್ರನ್. ಹಿಂದೆಯೇ ಮೇಡಮ್. ಆಲಿವ್ ಏನೋ ಕೇಳುತ್ತಿದ್ದಾಳೆ. ಮೇಡಮ್ ತಲೆಯಾಡಿಸುತ್ತಿದ್ದಾರೆ.

ಆಲಿವ್ ಓಡಿ ಬಂದಳು.

"ಬುಧವಾರವೇ ಕಳಿಸಿಬಿಟ್ರಂತೆ. ಎಲ್ಲಿಗೇಂತ ಹೊರಗಿನವರಿಗೆ ಹೇಳುದಿಲ್ಲಂತೆ. ನೀವು ವೈಲೆಟ್ ಬಾಯಿಗೆ ಏನಾಗ್ಬೇಕೂಂತ ಕೇಳ್ತಿದ್ದಾರೆ. ಬೇಗ ಬನ್ನಿ, ಬೇಗ!"

ಇದನ್ನು ಬರೆದುಕೊಂಡಿರಲಿಲ್ಲ. ಅವರು ನಾಲ್ಕು ಸಲ ಕರೆದಿದ್ದರು. ಮೇಡಮ್, ನಾನು ವೈಲೆಟ್ ಬಾಯಿಯ —