ನಲ್ಲಿಯ ಸದ್ದು

ಸ್ಟುಡಿಯೋದ ಹಿಂದಿನ ಕೋಣೆ
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕಾ,

‘ಸಿನಿಮಾದ ಏಟು ನೋಯಲ್ಲ ಕಣೋ ಪೆದ್ದ, ಬರೀ ಸದ್ದು’ ಅಂತಲೋ ಏನೋ ಅಂದಿದ್ದೆಯಲ್ಲ, ಟಾಕೀಸಿನ ಮುಂದಿನ ಬೆಂಚಿನಲ್ಲಿ ನಾನು ಕಣ್ಣು ಮುಚ್ಚಿಕೊಂಡಾಗ. ಆ ಸದ್ದೇ ಈಗ ನನಗೆ ಅನ್ನ ಹಾಕುತ್ತಿದೆ. ಹೇಗಿದ್ದೀಯ? ಎಡಗಿವಿ ಈಗಲೂ ಗುಂಯ್ ಅನ್ನುತ್ತದಾ? ಚಳಿಗೆ ಹತ್ತಿ ಇಟ್ಟುಕೋ. ನನ್ನ ಬಲಗೈ ಊದಿಕೊಂಡಿದೆ, ಅದಕ್ಕೇ ಅಕ್ಷರವೆಲ್ಲ ಕಾಗೆ ಕಾಲು.

ಶನಿವಾರ ಒಂದು ಚಿತ್ರಕ್ಕೆ ಹೊಡೆತದ ಸದ್ದು ಕೊಡುವ ಕೆಲಸವಿತ್ತು. ತೆರೆಯ ಮೇಲೆ ಅಪ್ಪನೊಬ್ಬ ಮಗನಿಗೆ ಬೆಲ್ಟಿನಿಂದ ಬಾರಿಸುತ್ತಾನೆ. ಅವನ ಕೈ ಬೀಸಿದಂತೆಲ್ಲ ನಾನು ಒದ್ದೆ ಚರ್ಮ ಸುತ್ತಿದ ದಿಂಬಿಗೆ ಬಾರಿಸಬೇಕು. ಮೂಳೆ ಮುರಿಯುವ ಸದ್ದಿಗೆ ಎಲೆಕೋಸಿನ ದಂಟು. ‘ಇದೇನ್ ಸಾರ್, ಧೂಳು ಕೊಡವ್ತಿದೀರಾ? ಹಳೇ ಸೇಡು ಇರೋ ಥರ ಹೊಡೀರಿ’ ಎಂದ ನಿರ್ದೇಶಕ. ಹೊಡೆದೆ. ಚರ್ಮ ಸೀಳಿತು, ಹತ್ತಿ ಹಾರಿತು, ದೃಶ್ಯ ಮುಗಿದು ತೆರೆ ಬೆಳ್ಳಗಾದ ಮೇಲೂ ಹೊಡೆಯುತ್ತಲೇ ಇದ್ದೆನಂತೆ. ಧ್ವನಿ ಹಿಡಿಯುವವನು ಬಂದು ಹಿಂದಿನಿಂದ ತಬ್ಬಿಕೊಂಡ. ‘ಬಿಡಿ ಸಾರ್, ದಿಂಬು ಸತ್ತೋಯ್ತು.’ ಎಲ್ಲರೂ ನಕ್ಕರು, ನಾನೂ.

ಆಮೇಲೆ ಉಳಿದದ್ದು ಒಂದು ಸಣ್ಣ ಸದ್ದು. ಮಗನಿಗೆ ಏಟು ಬೀಳುವಾಗ ಕ್ಯಾಮೆರಾ ಅಡುಗೆಮನೆಗೆ ಹೋಗುತ್ತದೆ. ತಾಯಿ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾಳೆ. ತೊಳೆಯಲು ಅವಳ ಮುಂದೆ ಒಂದು ಲೋಟವೂ ಇಲ್ಲ. ಬಕೆಟ್ಟಿಗೆ ನೀರು ಬಿಟ್ಟು ಮೈಕು ಹಿಡಿದೆ. ಅಪ್ಪ ನಿನ್ನ ತಲೆಯನ್ನು ಬಾಗಿಲಿನ ಚೌಕಟ್ಟಿಗೆ ಚಚ್ಚಿ, ಕಿವಿಯಿಂದ ರಕ್ತ ಸುರಿದ ಮಧ್ಯಾಹ್ನವೂ ಅಮ್ಮನ ನಲ್ಲಿ ಓಡುತ್ತಿತ್ತು. ಅದೇ ವಾರ ನೀನು ಮನೆ ಬಿಟ್ಟೆ. ಆಗ ಅಮ್ಮ ಪಾತ್ರೆ ತೊಳೆಯುತ್ತಿದ್ದಳು ಎಂದೇ ಮೂವತ್ತೈದು ವರ್ಷ ತಿಳಿದಿದ್ದೆ. ಮೈಕು ಹಿಡಿದುಕೊಂಡೇ ಅತ್ತೆ. ಆ ಚಿತ್ರದ ಕೊನೆಯಲ್ಲಿ ಮನಸ್ಸಿನ ಡಾಕ್ಟರೊಬ್ಬರು ಎರಡು ಮಾತಿನಲ್ಲಿ ಅಪ್ಪನನ್ನು ಸರಿ ಮಾಡಿಬಿಡುತ್ತಾರೆ. ಅತ್ತು ಮುಗಿಸಿದಾಗ ನಾನೂ ಸರಿಹೋದೆ ಅನ್ನಿಸಿತು.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಈ ಮಾವನ ಮುತ್ತು. ಕಿವಿ ಜೋಪಾನ.

ನಿನ್ನ ತಮ್ಮ,
ಪೆದ್ದ

ತಾ.ಕ.: ಕೈ ಊದಿದ್ದು ದಿಂಬಿನಿಂದಲ್ಲ. ಮರುದಿನ, ಭಾನುವಾರ, ಚಹಾದ ಕಪ್ಪು ಒಡೆದಳೆಂದು ಮಗಳ ಮೇಲೆ ಬೆಲ್ಟು ಬಿಚ್ಚಿದೆ. ಒಂಬತ್ತು ವರ್ಷ ಅವಳಿಗೆ. ಮೂರನೇ ಏಟಿಗೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ಕೇಳಿಯೂ ನಾಲ್ಕನೆಯದನ್ನು ಬೀಸಿದೆ. ಮಗು ಪಕ್ಕಕ್ಕೆ ಸರಿಯಿತು, ಏಟು ನನ್ನ ಮುಷ್ಟಿ ಸಮೇತ ಗೋಡೆಗೆ ಬಿತ್ತು. ನಲ್ಲಿ ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಬಂದು ಬೆಲ್ಟು ಕಿತ್ತುಕೊಂಡಳು, ಮಗಳನ್ನು ಎತ್ತಿಕೊಂಡು ತನ್ನ ತಂಗಿಯ ಮನೆಗೆ ಹೋದಳು. ‘ಕರೆದ್ರೆ ಬರ್ತೀನಿ. ಆದ್ರೆ ಯೋಚ್ನೆ ಮಾಡಿ ಕರೀರಿ’ ಅಂದಿದ್ದಾಳೆ. ಗುರುವಾರಕ್ಕೆ ಮನಸ್ಸಿನ ಡಾಕ್ಟರ ಚೀಟಿ ಸಿಕ್ಕಿದೆ; ಅವರು ಎರಡು ಮಾತಿನಲ್ಲಿ ಮುಗಿಸುವವರಲ್ಲವಂತೆ. ಹೋದವಳು ನೀನು, ವಾಪಸ್ಸು ಬಾರದವಳೂ ನೀನೇ. ಹೇಳು ಅಕ್ಕಾ, ತಾಯಿ-ಮಗಳಿಗೆ ಬನ್ನಿ ಅನ್ನಲಾ, ಬರಬೇಡಿ ಅನ್ನಲಾ?