ಕೊನೇ ಶನಿವಾರ ಗೆದ್ದದ್ದು

ಏಪ್ರಿಲ್ 19, ಭಾನುವಾರ. ಬೆಳಿಗ್ಗೆ

ಎರಡನೇ ಕಾಫಿ. ಮಂಡಿ ನೋವು ಹಾಗೇ ಇದೆ. ಹೆಂಡತಿ ಮಾರ್ಲೀನ್ ಚರ್ಚಿಗೆ ಹೋದಳು, ನಾನು ಹೋಗಲಿಲ್ಲ. ನಾಳೆಯಿಂದ ಆಟಗಾರರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು. ಐಸ್ ಹಾಕಿ ಸೀಸನ್ ಮುಗಿದಾಗ ತಂಡದ ಮ್ಯಾನೇಜರ್ ಮಾಡುವ ಶಾಸ್ತ್ರ. ಈ ವರ್ಷ ಏನಂತ ಹೇಳೋದು? ಚೆನ್ನಾಗಿ ಸೋತಿರಿ, ಹೋಗಿಬನ್ನಿ.

ನಿನ್ನೆ ಮಾತ್ರ ಗೆದ್ದುಬಿಟ್ಟರು.

ನಮ್ಮ ಗೋಲ್‌ಕೀಪರ್‌ಗಳು ಇಬ್ಬರೂ ಗಾಯಾಳು. ವಿಧಿಯಿಲ್ಲದೆ ಲೆತ್‌ಬ್ರಿಜ್‌ನ ನಮ್ಮ ಕಿರಿಯ ತಂಡದಿಂದ ಲಾರ್ನ್ ಪೆಟ್ಕೌನನ್ನು ಕರೆಸಿದೆ. ಮೂವತ್ತನಾಲ್ಕು ವಯಸ್ಸು. ಕಾಲೇಜು ಬಿಟ್ಟಾಗಿನಿಂದ ಸಣ್ಣ ಲೀಗುಗಳಲ್ಲೇ ಬಸ್ಸಿನಲ್ಲಿ ಓಡಾಡಿಕೊಂಡಿದ್ದವನು, ಮೇಲಿನ ಲೀಗಿನಲ್ಲಿ ಒಂದು ಆಟವೂ ಆಡಿರಲಿಲ್ಲ. ಅವನ ಊರು ನಮ್ಮ ಸಾಸ್ಕಟೂನಿಗೆ ಹತ್ತಿರವೇ, ಉತ್ತರಕ್ಕೆ ಒಂದು ಗಂಟೆ. ತಾಯಿ, ಅಣ್ಣ, ಅರ್ಧ ಚರ್ಚು ಬಂದು ಕೂತಿತ್ತು. ಶುರುವಿನಲ್ಲಿ ಅವನು ತಡವರಿಸುತ್ತಿದ್ದದ್ದು ಮೇಲೆ ನಾವು ಆಡಳಿತದವರು ಕೂರುವ ಬಾಕ್ಸಿಗೇ ಕಾಣುತ್ತಿತ್ತು. ಆಮೇಲೆ ಗೋಡೆ ಥರ ನಿಂತ. 2–1.

ಕೆಳಗೆ ಹೋಗಿ ತಬ್ಬಿಕೊಂಡೆ. ಬೆವರಲ್ಲಿ ತೊಪ್ಪೆಯಾಗಿದ್ದ, ಅಳುತ್ತಿದ್ದ. ಖುಷಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ — ಇನ್ನು ಆಡಿದ್ದು ಸಾಕು, ಮುಂದಿನ ಸೀಸನ್‌ಗೆ ಲೆತ್‌ಬ್ರಿಜ್‌ನಲ್ಲಿ ಹುಡುಗ ಗೋಲ್‌ಕೀಪರ್‌ಗಳಿಗೆ ಕೋಚ್ ಆಗು, ನಾನು ಮಾಡಿಸ್ತೀನಿ. ಅವನ ತಾಯಿ ಅಗಾಥಾ ಪಕ್ಕದಲ್ಲೇ ಇದ್ದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ.

ಕಾರು ಹತ್ತುವಾಗ ಮಾಲೀಕ ಸ್ಟ್ರಾತ್ ಫೋನ್ ಮಾಡಿದ. ಒಂದು ಸ್ಥಾನ ಮೇಲೆ ಬಂದೆವಂತೆ, ಅಭಿನಂದನೆಯಂತೆ. ನಗಲಿಲ್ಲ.

ಯಾಕೆ ಅಂತ ನನಗೆ ಗೊತ್ತು. ಕಟ್ಟಕಡೆಯಲ್ಲಿದ್ದೆವು, ಈಗ ಕಡೆಯಿಂದ ಎರಡನೆಯವರು. ಜೂನ್‌ನಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ ಮುಂದಿನ ತಿಂಗಳ ಲಾಟರಿಯಲ್ಲಿ ತೀರ್ಮಾನ. ಕಟ್ಟಕಡೆಯವರ ಹೆಸರಲ್ಲೇ ಚೀಟಿ ಜಾಸ್ತಿ. ಈ ವರ್ಷ ಎಲ್ಲರ ಕಣ್ಣೂ ಒಬ್ಬನ ಮೇಲೆ — ಫಿನ್‌ಲೆಂಡಿನ ಹಲ್ಮೆ. ಅಂಥವನು ಹತ್ತು ವರ್ಷಕ್ಕೊಬ್ಬ ಹುಟ್ಟುತ್ತಾನೆ.


ಮೇ 6, ಬುಧವಾರ. ಟೊರಾಂಟೊ, ಹೋಟೆಲ್

ನಾಲ್ಕನೇ ಸರದಿ.

ಲಾಟರಿಯಲ್ಲಿ ನಮಗೆ ಬರಬಹುದಾಗಿದ್ದರಲ್ಲೇ ಅತಿ ಕೆಟ್ಟದ್ದು. ಮೊದಲ ಸರದಿ ಯಾರಿಗೆ? ಆ ಶನಿವಾರ ನಮ್ಮ ಕೆಳಗೆ ಜಾರಿದವರಿಗೆ. ಕಾರ್ಡ್ ತಿರುಗಿಸಿದಾಗ ಕ್ಯಾಮೆರಾ ನನ್ನ ಮುಖದ ಮೇಲೇ ಇತ್ತು. ನೋಡಿದೆ ಆಮೇಲೆ. ನಾಯಿ ಸತ್ತವನ ಮುಖ.

ನಾಲ್ಕು ಬಂದರೆ ಏನು ಹೇಳಬೇಕು ಅಂತ ನಮ್ಮ ಪತ್ರಿಕಾ ವಿಭಾಗದ ಕೊಲೆಟ್ ಬಾಯಿಪಾಠ ಮಾಡಿಸಿ ಕಳಿಸಿದ್ದಳು. ನಾಲ್ಕರಲ್ಲೂ ಒಳ್ಳೇ ಆಟಗಾರ ಸಿಗ್ತಾನೆ, ನಮ್ಮ ದಾರಿ ಬದಲಾಗಲ್ಲ, ಅಷ್ಟೇ. ಆ್ಯಂಕರ್ ಮೈಕ್ ಹಿಡಿದು ಹೇಗನ್ನಿಸ್ತಿದೆ ಅಂದ. ನಾನು ನಗುತ್ತಾ ಹೇಳಿದ್ದು ಇದು:

"ಕೊನೇ ಶನಿವಾರ ಮೂವತ್ತನಾಲ್ಕು ವರ್ಷದ ಮುದುಕನಿಗೆ ಹೀರೋ ಆಗೋ ಹುಚ್ಚು ಹತ್ತದೇ ಇದ್ದಿದ್ರೆ, ಇವತ್ತು ಚೆನ್ನಾಗೇ ಅನ್ನಿಸ್ತಿತ್ತು."

ಸ್ಟುಡಿಯೋ ಗೊಳ್ಳೆಂದಿತು. ಆ್ಯಂಕರ್ ಬೆನ್ನು ತಟ್ಟಿದ. ಸೋತ ಕಡೆಯೂ ನಗಿಸಿದೆನಲ್ಲ ಅಂತ ಒಳಗೊಳಗೇ ಹೆಮ್ಮೆ — ನಿಜ ಹೇಳಬೇಕಲ್ಲ. ಊಟಕ್ಕೆ ಹೋದಾಗ ಬೇರೆ ತಂಡದವರು ಟೇಬಲ್ ಹತ್ತಿರ ಬಂದು ಕೈಕುಲುಕಿದರು.

ಈಗ ಮಾರ್ಲೀನ್ ಫೋನ್ ಮಾಡಿದ್ದಳು. ವಿಮಾನ ಎಷ್ಟಕ್ಕೆ ಅಂದಳು. ಹೇಳಿದೆ.

"ಅವನ ತಾಯಿ ಟೀವಿ ನೋಡ್ತಿದ್ರಾ?" ಅಂದಳು.

ತಮಾಷೆ ಅದು, ಎಲ್ಲರಿಗೂ ಗೊತ್ತು, ಅಂದೆ. ಫೋನ್ ಇಟ್ಟಾಗಿತ್ತು.


ಮೇ 7

ಏರ್‌ಪೋರ್ಟಿನಲ್ಲಿ ನಮ್ಮ ತಂಡದ ಟೋಪಿ ಹಾಕಿದವನೊಬ್ಬ ಅಡ್ಡ ಬಂದು ಹೆಬ್ಬೆರಳು ಎತ್ತಿದ. "ಸರಿಯಾಗಿ ಕೊಟ್ರಿ ಅವನಿಗೆ." ಬೈದಿದ್ದರೆ ಮೇಲಿತ್ತು.

ಹದಿನೈದು ಸೆಕೆಂಡಿನ ವಿಡಿಯೋ, ಎಲ್ಲೆಲ್ಲೂ. ಪೆಟ್ಕೌ ಫೋಟೋಗೆ ಮುದುಕನ ಗಡ್ಡ ಅಂಟಿಸಿದ್ದಾರೆ. ಹಲ್ಮೆಯನ್ನು ಕಳೆದವನು ಅಂತ ಅವನ ಪುಟದಲ್ಲಿ ಸಾವಿರಾರು ಜನ ಉಗಿದಿದ್ದಾರೆ. ಯಾರೋ ಅವನ ಅಣ್ಣನ ಛಾವಣಿ ರಿಪೇರಿ ಕಂಪನಿಗೂ ಕೆಟ್ಟ ರೇಟಿಂಗ್ ಕೊಟ್ಟಿದ್ದಾರೆ. ಅಣ್ಣ ಏನು ಮಾಡಿದ್ದ?

ಕೊಲೆಟ್ ಹೇಳಿಕೆ ಬರೆದು ತಂದಳು. "ಯಾರಿಗಾದರೂ ನೋವಾಗಿದ್ದರೆ" ಅಂತಿತ್ತು. ನೋವಾಗಿದ್ದರೆ ಅಂತ ಯಾಕೆ, ಆಗಿದೆಯಲ್ಲ, ಅಂದೆ. ವಕೀಲರು ಒಪ್ಪಿದ್ದು ಇದಿಷ್ಟೇ ಅಂದಳು. ಸಹಿ ಹಾಕಿದೆ.

ಪೆಟ್ಕೌಗೆ ಫೋನ್. ಎತ್ತಲಿಲ್ಲ. ಮೆಸೇಜ್ ಬಿಟ್ಟೆ. ಟೀವಿಯ ದನಿಯೇ ಬಂತು ಬಾಯಿಂದ — ಗಟ್ಟಿ, ಹಸನ್ಮುಖಿ. ಅರ್ಧದಲ್ಲೇ ನನಗೇ ಹೇಸಿಗೆ.


ಮೇ 9, ಶನಿವಾರ

ಕ್ಯಾಪ್ಟನ್ ಟೆಸಿಯೆ ಬಂದಿದ್ದ ಆಫೀಸಿಗೆ. ಊರಿಗೆ ಹೊರಟವನು, ಲಗೇಜು ಕಾರಿನಲ್ಲಿ. ಕೂರು ಅಂದರೆ ಕೂರಲಿಲ್ಲ.

"ಒಂದೇ ಪ್ರಶ್ನೆ, ವಾರನ್. ಜನವರೀಲಿ ನಮ್ಮ ರೂಮಿಗೆ ಬಂದು, ಎಷ್ಟೇ ಸೋಲ್ರೋ, ಮರ್ಯಾದೆಗೆ ಆಡ್ರೋ ಅಂದ್ರಿ. ಈಗ ಟೀವೀಲಿ ಹೀಗಂದ್ರಿ. ಯಾವುದನ್ನ ನಂಬೋಣ?"

ಜೋಕ್ ಕಣೋ ಅಂದೆ.

"ಜೋಕೇ. ಅದಕ್ಕೇ ಕೇಳ್ತಿರೋದು."

ಉತ್ತರಕ್ಕೆ ಕಾಯಲಿಲ್ಲ. ಅವನು ಬೆರಳು ಮುರಿದುಕೊಂಡೂ ಮಾರ್ಚ್ ಪೂರ್ತಿ ಆಡಿದವನು.

ಇಲ್ಲಾದರೂ ಬರೆಯಬೇಕು, ಇದನ್ನು ಯಾರೂ ಓದಲ್ಲ. ಆ ಶನಿವಾರ, ಕೊನೇ ನಿಮಿಷಗಳು. ಎದುರು ತಂಡದವರು ಸಮ ಮಾಡಲು ತಮ್ಮ ಗೋಲ್‌ಕೀಪರ್‌ನನ್ನೂ ಹೊರಗೆ ಕರೆದು ಆರು ಜನ ನುಗ್ಗಿದರು. ಬಾಕ್ಸಿನಲ್ಲಿ ಎಲ್ಲರೂ ಎದ್ದು ನಿಂತು ಕೂಗುತ್ತಿದ್ದರು. ನಾನೂ ಎದ್ದಿದ್ದೆ. ಪಕ್, ಆ ರಬ್ಬರ್ ಬಿಲ್ಲೆ, ಪೆಟ್ಕೌ ಕಡೆ ಬಂದಾಗೆಲ್ಲ ಮನಸ್ಸಿನಲ್ಲಿ — ಹೋಗಲಿ, ಒಳಗೆ ಹೋಗಲಿ. ಪ್ರತಿ ಸಲ. ಅವನು ತಡೆದ. ಆಮೇಲೆ ಕೆಳಗೆ ಹೋಗಿ ತಬ್ಬಿಕೊಂಡೆ. ಆ ಅಪ್ಪುಗೆ ಸುಳ್ಳಾಗಿರಲಿಲ್ಲ, ಅದೂ ನಿಜ. ಎರಡೂ ನಿಜ ಆದರೆ ನಾನು ಎಂಥ ಮನುಷ್ಯ?

ಜೋಕ್ ತಾನಾಗಿ ಬರಲಿಲ್ಲ. ಎರಡು ವಾರದಿಂದ ಒಳಗೆ ಕೂತಿತ್ತು.


ಮೇ 14, ಗುರುವಾರ

ಸ್ಟ್ರಾತ್ ಜೊತೆ ಊಟ. ಅವನು ಬಜೆಟ್ ಮಾತಾಡಿದ, ನಾನು ತಲೆಯಾಡಿಸಿದೆ. ಕೊನೆಗೆ, ವೇಟರ್ ತಟ್ಟೆ ಎತ್ತುವಾಗ, ಆ ಪೆಟ್ಕೌ ಕೋಚ್ ಕೆಲಸ ಕೈಬಿಡು ಅಂದ. ಅವನ ಮುಖ ಕಂಡಾಗೆಲ್ಲ ಆ ವಿಡಿಯೋ ಹಾಕ್ತಾರೆ. ತಪ್ಪುಕಾಣಿಕೆ ಹಾಕಿದ ಹಾಗೆ ಕಾಣುತ್ತೆ. ಬೇರೆ ಯಾರನ್ನಾದರೂ ನೋಡು.

ನೋಡ್ತೀನಿ ಅಂದೆ.

ಜಗಳ ಆಡಲಿಲ್ಲ. ಸ್ವಲ್ಪ ದಿನ ಹೋಗಲಿ ಅನ್ನಲೂ ಇಲ್ಲ. ನೋಡ್ತೀನಿ, ಅಂದೆ. ಬಿಲ್ ಅವನೇ ಕೊಟ್ಟ.


ಮೇ 17, ಭಾನುವಾರ. ಸಂಜೆ

ಹೋಗಿಬಂದೆ.

ಮಾರ್ಲೀನೇ ಕಳಿಸಿದ್ದು. ಕ್ಷಮೆ ಕೇಳೋದಾದರೆ ಮುಖ ತೋರಿಸಿ ಕೇಳು ಅಂದಳು. ಚಳಿಗಾಲದಲ್ಲಿ ಜಾರದಿರಲಿ ಅಂತ ರಸ್ತೆಗೆ ಚೆಲ್ಲಿದ ಮರಳು ಇನ್ನೂ ಗುಡಿಸಿಲ್ಲ, ಗಾಜಿಗೆಲ್ಲ ಧೂಳು. ಹೊಲಗಳಲ್ಲಿ ಬಿತ್ತನೆ ಯಂತ್ರಗಳು. ಭಾನುವಾರ ಅಂತ ನಿಲ್ಲಿಸಿದ್ದರು.

ಅಗಾಥಾ ಬಾಗಿಲು ತೆರೆದರು. ಒಂದು ಗಳಿಗೆ ನೋಡಿದರು. ಬನ್ನಿ, ಊಟದ ಹೊತ್ತಿಗೇ ಬಂದಿರಿ, ಅಂದರು. ಸಾಸೇಜ್, ಆಲೂಗಡ್ಡೆ, ಕೆನೆಯ ಗ್ರೇವಿ. ಪೆಟ್ಕೌ ಎದುರು ಕೂತ. ಬಿಸಿಲಿಗೆ ಕತ್ತು ಕೆಂಪಾಗಿತ್ತು — ಅಣ್ಣನ ಜೊತೆ ಛಾವಣಿ ಹತ್ತುತ್ತಿದ್ದಾನೆ. ಪ್ರಾರ್ಥನೆ ಮಾಡಿದರು. ಅದರಲ್ಲಿ ನನ್ನ ಹೆಸರೂ ಬಂತು. ತಲೆ ತಗ್ಗಿಸಿಯೇ ಇದ್ದೆ, ಹಾಗಾಗಿ ಯಾರಿಗೂ ಮುಖ ಕಾಣಲಿಲ್ಲ.

ಊಟದ ಮಧ್ಯೆಯೇ ಹೇಳಿದೆ. ಆ ಮಾತು ತಪ್ಪು, ನೀನು ನಿನ್ನ ಕೆಲಸ ಮಾಡಿದೆ, ನಾನು ಅದನ್ನು ಜಗತ್ತಿನ ಮುಂದೆ ನಗೆಪಾಟಲು ಮಾಡಿದೆ. ದನಿ ನನ್ನದೇ ಇತ್ತು ಈ ಸಲ. ಅವನು ಫೋರ್ಕ್ ಕೆಳಗಿಟ್ಟ.

"ಬಿಡಿ ಬಾಸ್. ಛಾವಣಿ ಮೇಲಿರೋರೆಲ್ಲ ಈಗ ನನ್ನ ಮುದುಕ ಅಂತಲೇ ಕರೀತಾರೆ. ಅಭ್ಯಾಸ ಆಯ್ತು." ಸ್ವಲ್ಪ ನಕ್ಕ. ಆಮೇಲೆ ನಗಲಿಲ್ಲ. "ಅಮ್ಮ ಆ ರಾತ್ರಿ ಟೀವಿ ಆಫ್ ಮಾಡಿ, ಏನೂ ಕೇಳಿಸ್ಲಿಲ್ಲ ಅಂದ್ಲು. ಕೇಳಿಸಿತ್ತು."

ಅಗಾಥಾ ರೂಬಾರ್ಬಿನ ಹುಳಿ ದಂಟು ಹಾಕಿದ ಕೇಕ್ ತಂದರು. ಲಾರ್ನ್ ಕೋಚ್ ಆಗ್ತಾನೆ ಅಂತ ಚರ್ಚಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ, ಪಾಸ್ಟರ್ ಎದ್ದು ನಿಂತು ಘೋಷಿಸಿದ್ರು ಕೂಡ, ಅಂದರು. ಬಾಯಿ ತಡೆಯಲಾಗಲಿಲ್ಲ ಅಂತ ನಾಚಿಕೊಂಡರು.

ಪೆಟ್ಕೌ ಕೇಳಿದ: "ಆಗಸ್ಟಿಗೇ ಬರ್ಬೇಕಾ, ಸೆಪ್ಟೆಂಬರಾ? ಅಣ್ಣನಿಗೆ ಹೇಳ್ಬೇಕು, ಆಳು ನೋಡ್ಕೊಳ್ಳೋಕೆ."

ಆಗಲೇ ಹೇಳಬೇಕಿತ್ತು. ತಾಯಿ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಿದ್ದರು.

ಆಗಸ್ಟ್, ಅಂದೆ.

ಕೇಕ್ ಪೂರ್ತಿ ತಿಂದೆ. ಚೆನ್ನಾಗಿದೆ ಅಂತಲೂ ಹೇಳಿದೆ.

ಮಾರ್ಲೀನ್ ಹೇಗಾಯ್ತು ಅಂದಳು. ಕ್ಷಮಿಸಿದರು ಅಂದೆ. ಅವಳ ಮುಖ ಅರಳಿತು. ಈಗ ಅವಳಿಗೂ ಒಂದು ಸುಳ್ಳು.


ಜೂನ್ 3

ಬರೆಯಲು ಮನಸ್ಸಿರಲಿಲ್ಲ. ಆಟಗಾರರ ವಿಡಿಯೋ, ವೈದ್ಯರ ವರದಿ, ಮೀಟಿಂಗು. ನಾಲ್ಕರಲ್ಲಿ ಯಾರು ಅಂತ ದಿನಾ ಚರ್ಚೆ. ಸ್ಟ್ರಾತ್ ಹತ್ತಿರ ಎರಡು ಸಲ ಮಾತು ತೆಗೆಯಲು ಹೋದೆ. ಎರಡು ಸಲವೂ ಹವಾಮಾನ ಮಾತಾಡಿ ಬಂದೆ.


ಜೂನ್ 11, ಗುರುವಾರ. ಮಧ್ಯಾಹ್ನ

ಪೆಟ್ಕೌ ಫೋನ್ ಮಾಡಿದ. ಲೆತ್‌ಬ್ರಿಜ್‌ನಲ್ಲಿ ಮನೆ ನೋಡಿದ್ದಾನಂತೆ. ತಾಯಿಗೂ ಒಂದು ರೂಮ್ ಇದೆ, ಚಳಿಗಾಲದಲ್ಲಿ ಬಂದಿರಲಿ ಅಂತ. ಇವತ್ತೇ ಸಹಿ ಹಾಕಬೇಕು, ಹಾಕಲಾ ಬಾಸ್, ಅಂದ.

ಹಾಕಬೇಡ ಅಂದೆ. ಎಲ್ಲ ಹೇಳಿದೆ. ಸ್ಟ್ರಾತ್ ಹೇಳಿದ್ದು, ನಾನು ನೋಡ್ತೀನಿ ಅಂದದ್ದು.

ಅವನು ಛಾವಣಿಯ ಮೇಲಿದ್ದನೇನೋ, ಸುತ್ತಿಗೆ ಸದ್ದು ಕೇಳುತ್ತಿತ್ತು.

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ನಿಮ್ಮನೆಗೆ ಬರೋ ಮುಂಚೆ."

"ಅಂದ್ರೆ ಊಟಕ್ಕೆ ಕೂತಾಗ ಗೊತ್ತಿತ್ತು."

"ಗೊತ್ತಿತ್ತು."

ಬೈಯಲಿಲ್ಲ. "ಟೀವೀಲಿ ಅಂದಿದ್ದು ನನಗೆ ಅರ್ಥ ಆಗಿತ್ತು, ಬಾಸ್," ಅಂದ. "ಬೇಜಾರಲ್ಲಿ ಬಾಯಿಗೆ ಬರುತ್ತೆ. ಇದು ಅರ್ಥ ಆಗ್ತಿಲ್ಲ." ಅಣ್ಣ ಯಾರನ್ನೋ ಕೂಗಿದ. "ಅಮ್ಮನಿಗೆ ನಾನು ಹೇಳಲ್ಲ. ನೀವು ಬಂದು ಹೇಳಿ."

ಇಟ್ಟುಬಿಟ್ಟ.


ಜೂನ್ 12

ನೇರ ಸ್ಟ್ರಾತ್ ಆಫೀಸಿಗೆ. ಕೂರಲಿಲ್ಲ. ಪೆಟ್ಕೌಗೆ ಆ ಕೆಲಸ ಕೊಡಬೇಕು, ನಾನು ಮಾತು ಕೊಟ್ಟಿದ್ದೇನೆ, ಇಲ್ಲದಿದ್ದರೆ ನಾನೂ ಇರಲ್ಲ, ಅಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಅವನು ಹೌಹಾರುತ್ತಾನೆ, ಹುಡುಗರ ಆಯ್ಕೆಗೆ ಎರಡು ವಾರ ಉಳಿದಿದೆ, ನನ್ನನ್ನು ಬಿಡಲಾರ — ಹಾಗಂದುಕೊಂಡಿದ್ದೆ.

ಕನ್ನಡಕ ತೆಗೆದು ಒರೆಸಿಕೊಂಡ. "ಸರಿ, ವಾರನ್," ಅಂದ. ಮೊದಲೇ ತಯಾರಿದ್ದವನ ಹಾಗೆ.

ಅಷ್ಟೇ. ಹದಿನೇಳು ವರ್ಷ.

ಮೇ ಹದಿನಾಲ್ಕಕ್ಕೆ ಇದೇ ಮಾತು ಹೇಳಿದ್ದರೆ? ಆಗ ಹುಡುಗರ ಪಟ್ಟಿಯೇ ತಯಾರಾಗಿರಲಿಲ್ಲ, ಅವನಿಗೆ ನಾನು ಬೇಕಿತ್ತು. ಆಗ ಬಹುಶಃ ಒಪ್ಪುತ್ತಿದ್ದ. ಈಗ ಪೆಟ್ಕೌಗೆ ಕೆಲಸವೂ ಇಲ್ಲ, ಕೊಡಿಸಲು ನಾನೂ ಇಲ್ಲ.


ಜೂನ್ 15, ಸೋಮವಾರ

ಪರಸ್ಪರ ಒಪ್ಪಿಗೆಯಿಂದ ಬೇರ್ಪಟ್ಟೆವಂತೆ. ಕೊಲೆಟ್ ಬರೆದ ಕೊನೇ ಹೇಳಿಕೆ. ಅದನ್ನು ಕೊಡಲು ಬಂದವಳು ಬಾಗಿಲಲ್ಲಿ ಅತ್ತಳು.

ಮನೆ ಮುಂದೆ ಕ್ಯಾಮೆರಾಗಳು. ಲಾಟರಿಯ ಆ ಮಾತಿಗೇ ಕೆಲಸ ಹೋಯ್ತಾ, ಪೆಟ್ಕೌಗೆ ಏನಾದ್ರೂ ಹೇಳ್ತೀರಾ, ಅಂತ ಕೂಗಿದರು. ಹೇಳಬೇಕು ಅನ್ನಿಸಿತು. ಎಲ್ಲವನ್ನೂ — ಬಾಕ್ಸು, ಸ್ಟ್ರಾತ್, ಕೇಕು. ವಾಕ್ಯಗಳು ಸಾಲಾಗಿ ಬಾಯಿಗೆ ಬಂದಿದ್ದವು, ಚೆನ್ನಾಗಿಯೂ ಇದ್ದವು. ಜನ ಮೆಚ್ಚುತ್ತಿದ್ದರು. ಅಗಾಥಾ ಮತ್ತೆ ಎದ್ದು ಟೀವಿ ಆಫ್ ಮಾಡಬೇಕಾಗುತ್ತಿತ್ತು.

ಬೆನ್ನು ತಿರುಗಿಸಿದೆ. ಕಸದ ಡಬ್ಬಿ ಒಳಗೆ ಎಳೆದುಕೊಂಡು ಬಂದೆ.

ಮಾರ್ಲೀನ್‌ಗೆ ಎಲ್ಲ ಹೇಳಿದೆ, ಆ ಊಟದ್ದೂ. ಪೂರ್ತಿ ಕೇಳಿದಳು. ಇವತ್ತು ನೀನು ಕೆಳಗಿನ ರೂಮಲ್ಲಿ ಮಲಗು, ಅಂದಳು.


ಜೂನ್ 20, ಶನಿವಾರ. ಬೆಳಿಗ್ಗೆ

ಅವರ ಮನೆಯೆದುರು, ಕಾರಿನಲ್ಲಿ. ಇಂಜಿನ್ ಆರಿಸಿ ಬಹಳ ಹೊತ್ತಾಯಿತು.

ಏನು ಹೇಳಬೇಕು ಅಂತ ಬರೆದುಕೊಳ್ಳೋಣ ಅಂತ ಇದನ್ನು ತೆಗೆದೆ. ಮೂರು ಸಲ ಬರೆದು ಹೊಡೆದುಹಾಕಿದೆ. ಎಲ್ಲದರಲ್ಲೂ ಕೊನೆಗೆ ನಾನೇ ಪಾಪದವನಾಗಿ ಕಾಣುತ್ತೇನೆ. ಅವರು ಸಮಾಧಾನ ಹೇಳುವ ಹಾಗೆ. ಅದು ಆಗಕೂಡದು. ಸಮಾಧಾನ ಹೇಳಿದರೆ ತಡೆಯಬೇಕು. ನೀವು ಬಡಿಸುವಾಗಲೇ ನನಗೆ ಗೊತ್ತಿತ್ತು — ಇದನ್ನೇ ಮೊದಲು ಹೇಳಬೇಕು. ಕೂರುವ ಮುಂಚೆ. ಕಾಫಿ ಅನ್ನುವ ಮುಂಚೆ.

ಪೆಟ್ಕೌನ ಟ್ರಕ್ ಇಲ್ಲ. ಕೆಲಸಕ್ಕೆ ಹೋಗಿದ್ದಾನೆ. ಒಬ್ಬರೇ ಇದ್ದಾರೆ.

ಪರದೆ ಸರಿಯಿತು. ನೋಡಿದರು. ಕೈಬೀಸುತ್ತಿದ್ದಾರೆ — ಯಾಕೆ ಹೊರಗೇ ಕೂತಿರಿ ಅನ್ನುವ ಹಾಗೆ. ಅಂದರೆ ಇನ್ನೂ ಗೊತ್ತಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲು ತೆಗೆದರು, ಮೆಟ್ಟಿಲಿಳಿದು ಈ ಕಡೆಗೇ ಬರ್ತಾ ಇದ್ದಾರೆ, ನಗ್ತಾ