ಗೋಡೆಯಿಲ್ಲದ ಹೊಸ್ತಿಲು

ಏಪ್ರಿಲ್ 30, ಅಕ್ಷಯ ತೃತೀಯಾ

ಎಲ್ಲಮ್ಮನಿಗೆ ದೀಪ ಹಚ್ಚಿಯಾಯಿತು. ಕಾಲು ನೋವು. ಖಾನಾಪುರದ ಆಚೆ, ಕಾಡಂಚಿನ ವಾಡಿಗೆ ಹೋಗಿ ಬಂದೆ. ಅಲ್ಲಿ ಸರ್ಕಾರಿ ಮನೆ ಮಂಜೂರಾದವರಲ್ಲಿ ನೀಲಾ ಒಬ್ಬಳು. ಗಂಡನಿಲ್ಲ. ಜೊತೆಗೆ ಅತ್ತೆ ಕಾಶೀಬಾಯಿ. ಗುಡಿಸಲು ಕೆಡವಿ ಅದೇ ಜಾಗದಲ್ಲಿ ಪಾಯಾ ಹಾಕಿದ್ದಾರೆ. ಗೋಡೆಗೆ ಸರ್ಕಾರದ ಹಣದ ಕಂತು ಬರಬೇಕು.

ಇಂಥ ದಿನ ಮತ್ತೆ ಸಿಗದು, ಬಾಗಿಲ ಚೌಕಟ್ಟು ನಿಲ್ಲಿಸಿಬಿಡಿ ಎಂದೆ. ಗೌಂಡಿ ಗೊಣಗಿದ — "ರೊಕ್ಕ ಬಂದ ಮ್ಯಾಲ ನಿಲ್ಲಸೂಣ್ರಿ ಬಾಯಾರ." ಕೇಳಲಿಲ್ಲ ನಾನು. ಹೊಸ್ತಿಲಿಗೆ ನಾನೇ ಅರಿಶಿಣ ಹಚ್ಚಿದೆ, ಕಾಯಿ ಒಡೆದೆ.

ಕಾಶೀಬಾಯಿ ನಕ್ಕಳು: "ಬಾಗಿಲಾ ಬಂತು. ಇನ್ನ ಮನಿ ತಾನ ಹುಡುಕ್ಕೊಂಡ ಬರತೈತಿ."

ಮಳೆಗೆ ಮೊದಲು ಗೋಡೆ ಏಳುತ್ತದೆ ಎಂದು ಮಾತು ಕೊಟ್ಟು ಬಂದೆ. ವಿಧಾನ ಪರಿಷತ್ತಿನ ಸದಸ್ಯೆ ಹೇಳಿದರೆ ಜನ ನಂಬುತ್ತಾರೆ. ನಾನೂ ನಂಬಿದ್ದೇನೆ.

ಜೂನ್ 21

ಕಂತಿಲ್ಲ. ಬೆಂಗಳೂರಿಗೆ ಫೋನ್ ಮಾಡಿದೆ. "ಬಜೆಟ್‌ನಲ್ಲಿ ಇದೆ ಮೇಡಂ, ಬಿಡುಗಡೆ ಆಗಿಲ್ಲ." ಏಳನೇ ಇಯತ್ತೆ ಕಲಿತವಳು ನಾನು. ಡಬ್ಬಿಯಲ್ಲಿ ಜೋಳ ಇದೆ, ಮುಚ್ಚಳ ತೆಗೆಯುವಂತಿಲ್ಲ — ಹಾಗೇನೋ.

ನನ್ನ ಶಾಸಕ ನಿಧಿಯಿಂದಾದರೂ ಕೊಡೋಣ ಎಂದೆ. ಪಿ.ಎ. ವಿನೀತ ತಲೆ ಅಲ್ಲಾಡಿಸಿದ. "ಒಬ್ಬರ ಸ್ವಂತ ಮನಿಗೆ ಕೊಡಾಕ ಬರೂದಿಲ್ರಿ ಮೇಡಂ. ಬೇಕಾದ್ರ ಅವರ ಓಣಿಗೆ ಹೈಮಾಸ್ಟ್ ದೀಪ ಹಾಕಸಬಹುದು."

ಗೋಡೆಯಿಲ್ಲದ ಮನೆಗೆ ಅಷ್ಟು ದೊಡ್ಡ ದೀಪ. ತಾಯೀ...

ಜುಲೈ 27

ವಾಡಿಗೆ ಹೋದೆ. ಪಾಯಾದ ಮೇಲೆ ತಾಡಪತ್ರಿ ಕಟ್ಟಿಕೊಂಡಿದ್ದಾರೆ. ಒಳಗೆ ಒದ್ದೆ ಒಲೆ. ಮುಂದೆ ಆ ಚೌಕಟ್ಟು. ಹೊಸ್ತಿಲಿಗೆ ಇವತ್ತಿನ ಅರಿಶಿಣ, ಪಣತಿ.

ಶಾಲೆಯ ಕೋಣೆ ಕೊಡಿಸುತ್ತೇನೆ, ಮಳೆ ಮುಗಿಯುವ ತನಕ ಅಲ್ಲಿರಿ ಎಂದೆ.

"ಹೊಸ್ತಿಲಾ ಪೂಜಾ ಆಗೇತ್ರಿ ಅಕ್ಕಾರ," ಎಂದಳು ನೀಲಾ. "ನೀವ ಅರಿಶಿಣ ಹಚ್ಚೀರಿ. ದೀಪ ಇಲ್ಲದ ಬಿಟ್ಟ ಹೋಗೂದ ಹ್ಯಾಂಗ್ರಿ?"

ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ನನ್ನ ಸ್ವಂತ ರೊಕ್ಕ ತಗೋ ಎಂದೆ. ಬಾಜುದ ಪಾಯಾಗಳ ಕಡೆ ನೋಡಿದಳು. ಅಲ್ಲೂ ತಾಡಪತ್ರಿಗಳೇ. "ಅವರೂ ಹಿಂಗ ಕುಂತಾರ್ರಿ. ನಮ್ಮೊಬ್ಬರ ಗ್ವಾಡಿ ಎದ್ರ ಮಾರಿ ಹ್ಯಾಂಗ ತೋರಸೂಣ್ರಿ?"

ಎದ್ದೆ. ಯಾವ ಕಡೆಯಿಂದಲೋ ಹೊರಟಿದ್ದೆ. ಕಾಶೀಬಾಯಿ ಗದರಿದಳು — "ಯವ್ವಾ, ಬಾಗಿಲಾ ಈ ಕಡೆ ಐತಿ! ಕಳ್ಳರಂಗ ಎತ್ತ ಹೊಂಟಿ?"

ಹೊಸ್ತಿಲು ದಾಟಿಯೇ ಬಂದೆ.

ನವೆಂಬರ್ 29

ಚಳಿ. ಕಾಶೀಬಾಯಿಗೆ ಎದೆಯಲ್ಲಿ ಕಫ, ಉಸಿರು ಸಿಗುತ್ತಿಲ್ಲವಂತೆ. ವಿನೀತನನ್ನು ಆಂಬುಲೆನ್ಸ್ ಜೊತೆ ಕಳಿಸಿದೆ. ಬೆಳಗಾವಿಗೆ ತಂದು ಅಡ್ಮಿಟ್ ಮಾಡಿದರು. ಸ್ಟ್ರೆಚರ್ ಎತ್ತ ಬೇಕಾದರೂ ಒಯ್ಯಬಹುದಿತ್ತು. ಮುದುಕಿ ಬಿಡಲಿಲ್ಲವಂತೆ. ಚೌಕಟ್ಟಿನೊಳಗಿಂದಲೇ ತಂದರಂತೆ. ವಿನೀತ ನಗುತ್ತ ಹೇಳಲು ಶುರು ಮಾಡಿದ. ನಡುವೆ ನಿಲ್ಲಿಸಿದ.

ಡಿಸೆಂಬರ್ 11

ಇಲ್ಲೇ ಬೆಳಗಾವಿಯಲ್ಲಿ ಅಧಿವೇಶನ. ಇವತ್ತು ಮಾತಾಡಲು ಸಿಕ್ಕಿತು. ವಿನೀತ ಬರೆದುಕೊಟ್ಟದ್ದು ಬಿಟ್ಟು ನನ್ನದೇ ಹೇಳಿದೆ. ಹೊಸ ಮನೆ ಘೋಷಿಸುವುದು ನಿಲ್ಲಿಸಿ. ಶುರುವಾದ ಮನೆಗೆ ಮೊದಲು ಸೂರು ಕೊಡಿ. ಗುಡಿಸಲು ಕೆಡವಿಸಿ ಆಮೇಲೆ ರೊಕ್ಕ ತಡೆದರೆ ಅದು ನೆರವಲ್ಲ, ಇದ್ದದ್ದನ್ನೂ ಕಸಿದಂತೆ. ಬಡವರ ಕಂತು ಮೊದಲು ತೆಗೆದಿಡಿ, ಉಳಿದದ್ದರಲ್ಲಿ ಊರಿಗೆ ಕಮಾನು ಕಟ್ಟಿ.

ಹಿಂದಿನಿಂದ ನಮ್ಮ ಪಕ್ಷದವರೇ — "ವೈನಿ, ಸಾಕು ಕುಂದರ್ರಿ! ಸರಕಾರ ನಮ್ಮದ ಐತಿ!"

ಸಚಿವರು ನಗುತ್ತ ಎದ್ದರು. "ಪ್ರಮಿಳಾ ತಾಯಿಯವರ ಕಳಕಳಿ ಅರ್ಥವಾಗುತ್ತದೆ. ಹಂತ ಹಂತವಾಗಿ ಬಿಡುಗಡೆ ಮಾಡುತ್ತೇವೆ. ಅವರ ಭಾಗಕ್ಕೆ ಇನ್ನಷ್ಟು ಹೊಸ ಮನೆ ಕೊಡುತ್ತೇವೆ."

ಎಲ್ಲರೂ ಮೇಜು ಕುಟ್ಟಿದರು. ಕುಳಿತೆ. ಇನ್ನಷ್ಟು ಗುಡಿಸಲು ಬೀಳುತ್ತವೆ.

ಡಿಸೆಂಬರ್ 18

ಆಸ್ಪತ್ರೆಗೆ ಹೋದೆ. ಕಾಶೀಬಾಯಿ ಹಾಸಿಗೆಗೆ ಅಂಟಿಕೊಂಡಿದ್ದಾಳೆ. ಎರಡು ದಿನದಿಂದ ಊಟ ಬೇಡ ಎನ್ನುತ್ತಿದ್ದಾಳಂತೆ. ನನ್ನ ಕೈ ಹಿಡಿದಳು.

"ಸೌಧದಾಗ ನಮ್ಮ ಸಲುವಾಗಿ ಜಗಳಾ ತಗದ್ಯಂತ. ನೀಲಾ ಹೇಳಿದ್ಲು. ರೊಕ್ಕ ಬಂತಿಲ್ಲ? ಗ್ವಾಡಿ ಎದ್ದಾವೇನ ಯವ್ವಾ?"

ನೀಲಾ ತಲೆ ತಗ್ಗಿಸಿದಳು.

"ಎದ್ದಾವು," ಎಂದೆ.

ಬಾಯಿಗೆ ಹೇಗೆ ಬಂತೋ.

"ಮ್ಯಾಲ ತಗಡಿನ ಪತ್ರಾಸ?"

"ಅದೂ ಆತು."

ಮುದುಕಿ ಎದ್ದು ಕುಳಿತಳು. ಗಂಜಿ ತಾನೇ ಕುಡಿದಳು, ಬಟ್ಟಲು ಬಳಿದು. ಪಕ್ಕದ ಹಾಸಿಗೆಯವಳಿಗೆ, "ನಮ್ಮ ಹೊಸಾ ಮನಿ ವಾಸ್ತುಕ ಬಾರವಾ, ಹೋಳಿಗಿ ಮಾಡಸ್ತೀನಿ" ಎಂದಳು. ನೀಲಾ ಹೊರಗೆ ಹೋದಳು.

ಮನೆಗೆ ಬಂದು ಎಲ್ಲಮ್ಮನ ಮುಂದೆ ಕುಳಿತೆ. ಮೇಲೆ ನೋಡಲಾಗಲಿಲ್ಲ.

ಡಿಸೆಂಬರ್ 19, ಎಳ್ಳ ಅಮಾವಾಸ್ಯೆ

ಅಧಿವೇಶನ ಮುಗಿಯಿತು. ಕಂತಿನ ಸುದ್ದಿ ಇಲ್ಲ.

ಸಂಜೆ ನೀಲಾಳ ಫೋನ್. "ಅಕ್ಕಾರ, ಅತ್ತಿ ಭಾಳ ಚಲೋ ಆಗ್ಯಾಳಂತ, ನಾಳೆ ಮನಿಗೆ ಕಳಸ್ತಾರಂತ್ರಿ ಡಾಕ್ಟರ್ರು. ನಿಮ್ಮ ಗಾಡ್ಯಾಗ ಹೋಗ್ತೀನಿ ಅಂತ ಕುಂತಾಳ. ನೀವ ಕೈ ಹಿಡದು ಹೊಸ್ತಿಲಾ ದಾಟಸಬೇಕಂತ." ದನಿ ತಗ್ಗಿಸಿ ಕೇಳಿದಳು, "ಏನ ಹೇಳ್ಲ್ರಿ ಆಕಿಗೆ?"

ಬರ್ತೀನಿ ಅಂತ ಹೇಳು ಎಂದೆ.

ಖಾಸಬಾಗದ ಅಂಗಡಿಯಿಂದ ಅರಿಶಿಣ ತರಿಸಿಟ್ಟಿದ್ದೇನೆ. ಯಾಕೆ ತರಿಸಿದೆನೋ. ಖಾನಾಪುರ ಬರುವ ಮೊದಲೇ ಹೇಳಿಬಿಡಬೇಕು, ಕಾರಿನಲ್ಲೇ. ಹೊಸ್ತಿಲ ತನಕ ಒಯ್ಯಬಾರದು. ಕೈ ಹಿಡಿದುಕೊಂಡು, ಕಾಶೀಬಾಯಿ, ಮೊನ್ನೆ ನಾನು ಹೇಳಿದ ಗೋಡೆ —